ಒಂದೇ ಶಾಲೆ, ಎರಡು ತರಗತಿ: ಜಿಟಿಯನ್ನೂ ಮುಕ್ತ ಆನರ್ಸನ್ನೂ ಬಳಸಿ ನೋಡಿದ ಮೇಲೆ

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳು. ಮಗಳು ಎಂಟನೆಯ ತರಗತಿ, ಮಗ ಆರನೆಯದು. ಉತ್ತರ ಟೆಕ್ಸಾಸ್‌ನ ಒಂದು ಉಪನಗರದ ಸರ್ಕಾರಿ ಮಿಡ್ಲ್ ಸ್ಕೂಲಿಗೆ ಇಬ್ಬರೂ ಒಂದೇ ಹಳದಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ಮಗಳನ್ನು ಶಾಲೆ ‘ಜಿಟಿ’ ಎಂದು ಗುರುತಿಸಿದೆ. ಗಿಫ್ಟೆಡ್ ಆ್ಯಂಡ್ ಟ್ಯಾಲೆಂಟೆಡ್, ಅಂದರೆ ಪ್ರತಿಭಾವಂತೆ ಎಂಬ ಅಧಿಕೃತ ಮುದ್ರೆ. ಮಗನಿಗೆ ಆ ಮುದ್ರೆ ಬಿದ್ದಿಲ್ಲ. ಅವನು ಕೂರುವುದು ಆನರ್ಸ್ ತರಗತಿಗಳಲ್ಲಿ, ಅಂದರೆ ಸಾಮಾನ್ಯ ತರಗತಿಗಿಂತ ಒಂದು ಮೆಟ್ಟಿಲು ಮೇಲಿನವುಗಳಲ್ಲಿ. ಪ್ರವೇಶ ಪರೀಕ್ಷೆಯಿಲ್ಲ, ಶಿಫಾರಸು ಬೇಡ, ಫಾರಂನಲ್ಲಿ ಒಂದು ಗುರುತು ಹಾಕಿದರೆ ಯಾರು ಬೇಕಾದರೂ ಸೇರಬಹುದು. ಎರಡು ಬಗೆಯ ಬಡಿಸುವಿಕೆಯೂ ನಮ್ಮ ಮನೆಗೆ ಬಂದಿರುವುದರಿಂದ ಎರಡರ ಬಗ್ಗೆಯೂ ಬರೆಯುತ್ತಿದ್ದೇನೆ. ಶಾಲೆಯ ಹೆಸರು ಹೇಳುವುದಿಲ್ಲ. ಮಕ್ಕಳು ಇನ್ನೂ ಅಲ್ಲಿಯೇ ಓದಬೇಕು.

ಇಲ್ಲಿನ ಕನ್ನಡದವರ ಯಾವ ಊಟದ ಕೂಟಕ್ಕೆ ಹೋದರೂ ಮೊಸರನ್ನದ ಹೊತ್ತಿಗೆ ಮಾತು ಇದಕ್ಕೇ ಬಂದು ನಿಲ್ಲುತ್ತದೆ. ಜಿಟಿ ತೆಗೆದರೆ ಚುರುಕಾದ ಮಕ್ಕಳ ಗತಿಯೇನು ಎಂದು ಕೆಲವರು. ಬಾಗಿಲು ಎಲ್ಲರಿಗೂ ತೆರೆದ ಮೇಲೆ ಈ ಮುದ್ರೆ ಯಾತಕ್ಕೆ ಎಂದು ಇನ್ನು ಕೆಲವರು. ಜೋರಾಗಿ ಮಾತಾಡುವವರಲ್ಲಿ ಹೆಚ್ಚಿನವರು ಎರಡರಲ್ಲಿ ಒಂದನ್ನು ಮಾತ್ರ ಕಂಡವರು. ನಾನೂ ಎರಡು ವರ್ಷದ ಹಿಂದೆ ಹಾಗೆಯೇ ಇದ್ದೆ, ಅದೂ ಜಿಟಿಯ ಪಕ್ಷದಲ್ಲಿ.

ಮೊದಲು ಒಳಗೆ ಹೋಗುವ ದಾರಿ. ಗಿಫ್ಟೆಡ್ ಶಿಕ್ಷಣ ಕೊಡಲೇಬೇಕು ಎಂಬ ಒಕ್ಕೂಟ ಸರ್ಕಾರದ ಕಾನೂನು ಅಮೆರಿಕದಲ್ಲಿ ಇಲ್ಲ. 1988ರ ಜ್ಯಾವಿಟ್ಸ್ ಕಾಯ್ದೆ ಸಂಶೋಧನೆಗೂ ಪ್ರಾಯೋಗಿಕ ಯೋಜನೆಗಳಿಗೂ ಅಷ್ಟಿಷ್ಟು ಅನುದಾನ ಕೊಡುತ್ತದೆ, ಉಳಿದದ್ದು ರಾಜ್ಯಗಳಿಗೆ ಬಿಟ್ಟದ್ದು. ಟೆಕ್ಸಾಸ್ ಕಾನೂನು ಕಿಂಡರ್‌ಗಾರ್ಟನ್‌ನಿಂದ ಹನ್ನೆರಡನೆಯ ತರಗತಿಯವರೆಗೆ ಇಂಥ ಮಕ್ಕಳನ್ನು ಹುಡುಕಿ ಪಾಠ ಕೊಡಿ ಎನ್ನುತ್ತದೆ. ಯಾವ ಪರೀಕ್ಷೆ, ಗಡಿ ಎಷ್ಟು ಎಂಬುದನ್ನು ಆಯಾ ಶಾಲಾ ಡಿಸ್ಟ್ರಿಕ್ಟ್, ಅಂದರೆ ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ, ಗೊತ್ತುಮಾಡಿಕೊಳ್ಳುತ್ತದೆ. ಹಾಗಾಗಿ ಹೆದ್ದಾರಿಯ ಈ ಬದಿಯಲ್ಲಿ ಪ್ರತಿಭಾವಂತನಾದ ಮಗು ಮನೆ ಬದಲಿಸಿ ಆ ಬದಿಗೆ ಹೋದರೆ ಸಾಧಾರಣನಾಗಬಹುದು.

ನಮ್ಮಲ್ಲಿ ನಡೆಯುವುದು ಕಾಗ್ಯಾಟ್ (ಕಾಗ್ನಿಟಿವ್ ಎಬಿಲಿಟೀಸ್ ಟೆಸ್ಟ್) ಎಂಬ ಯೋಚನಾಶಕ್ತಿಯ ಪರೀಕ್ಷೆ. ಪದ, ಸಂಖ್ಯೆ, ಆಕೃತಿ ಎಂದು ಮೂರು ಭಾಗ. ಆಕೃತಿಯ ಭಾಗದಲ್ಲಿ ಕಾಗದ ಮಡಚುವ ಪ್ರಶ್ನೆಗಳಿರುತ್ತವೆ. ಚೌಕದ ಕಾಗದವನ್ನು ಎರಡು ಸಲ ಮಡಚಿ ಒಂದು ತೂತು ಹೊಡೆದ ಚಿತ್ರ ಕೊಡುತ್ತಾರೆ. ಬಿಡಿಸಿದಾಗ ಎಲ್ಲೆಲ್ಲಿ ತೂತು ಕಾಣುತ್ತದೆ ಎಂದು ಹೇಳಬೇಕು. ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ 49 ಡಾಲರ್ ಕೊಟ್ಟು ಅಭ್ಯಾಸದ ಪುಸ್ತಕ ತಂದೆ. ಮೂರು ವಾರ ರಾತ್ರಿ ಊಟವಾದ ಮೇಲೆ ಮೇಜು ಒರೆಸಿ ಪ್ರಿಂಟರಿನ ಕಾಗದ, ತೂತು ಹೊಡೆಯುವ ಯಂತ್ರ ಇಟ್ಟುಕೊಂಡು ಕೂರುತ್ತಿದ್ದೆವು. ಕರ್ಣಕ್ಕೆ ಒಮ್ಮೆ, ಅರ್ಧಕ್ಕೆ ಒಮ್ಮೆ ಮಡಚಿ ನಾನು ‘ಟಕ್’ ಎನ್ನಿಸಿದರೆ ಮಗಳು ಕಾಗದ ಮುಟ್ಟದೆ ‘ನಾಲ್ಕು, ಎರಡು ಅಂಚಿನ ಹತ್ತಿರ’ ಎಂದು ಹೇಳಿಬಿಡುತ್ತಿದ್ದಳು. ನನಗೆ ಬಿಡಿಸಿ ನೋಡದೆ ಗೊತ್ತಾಗುತ್ತಿರಲಿಲ್ಲ. ಮಗ ಮೇಜಿನ ಕೆಳಗೆ ಕೂತು ಉದುರಿದ ಬಿಳಿ ಚುಕ್ಕೆಗಳನ್ನು ಅಂಗೈಗೆ ಅಂಟಿಸಿಕೊಳ್ಳುತ್ತಿದ್ದ. ಕಾರ್ಪೆಟ್ಟಿನಿಂದ ಅವು ಪೂರ್ತಿ ಹೋಗಲು ಬೇಸಗೆ ಬರಬೇಕಾಯಿತು.

ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ ಎಂದು ಶಾಲೆಯ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಮಾಡಿಸಿದೆ. ನಮ್ಮ ಬಳಗದಲ್ಲಿ ಮಾಡಿಸದ ಮನೆಯನ್ನು ನಾನು ನೋಡಿಲ್ಲ. ಒಂದು ಕೋಚಿಂಗ್ ಕೇಂದ್ರ ಹತ್ತು ವಾರಕ್ಕೆ 1,200 ಡಾಲರ್ ಕೇಳಿತ್ತು. ಅಷ್ಟು ಕೊಡಲಿಲ್ಲ ಎಂಬುದಷ್ಟೇ ನನ್ನ ಹೆಚ್ಚುಗಾರಿಕೆ.

ಕಾಗ್ಯಾಟ್‌ನ ಅಂಕಮಾನದಲ್ಲಿ ಸರಾಸರಿ 100, ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯ ಆಚೀಚೆ ಎಷ್ಟು ಹರಡಿವೆ ಎಂಬ ಅಳತೆ) 16. ನಮ್ಮ ಡಿಸ್ಟ್ರಿಕ್ಟ್ ಇಟ್ಟುಕೊಂಡ ಗಡಿ 128. ಅಂದರೆ ಅದೇ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 96 ಮಕ್ಕಳಿಗಿಂತ ಮುಂದೆ. ಮಗಳಿಗೆ ಬಂದದ್ದು 131. ಎರಡು ವರ್ಷದ ಬಳಿಕ ಮಗನಿಗೆ 126. ಶಿಕ್ಷಕರ ಅಭಿಪ್ರಾಯ, ತರಗತಿಯ ಅಂಕ ಎಲ್ಲವನ್ನೂ ಒಂದು ಸಮಿತಿ ಕೂತು ನೋಡುತ್ತದೆ ಎನ್ನುತ್ತಾರೆ. ನೋಡಿರಬಹುದು. ಕೊನೆಗೆ ಬಂದ ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು 126 ಒಂದೇ.

ಇಲ್ಲಿ ನನ್ನ ವೃತ್ತಿಯ ಸಿಟ್ಟು ಸ್ವಲ್ಪ ಹೊರಬರುತ್ತದೆ, ಸಹಿಸಿಕೊಳ್ಳಿ. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತಪರೀಕ್ಷೆ ಮಾಡುವವಳು. ಪೊಟ್ಯಾಸಿಯಂ ಗಡಿಯ ಆಚೆ ಒಂದು ಕೂದಲೆಳೆ ಬಂದರೆ ನಾವು ರೋಗಿಯ ಹಣೆಗೆ ಏನನ್ನೂ ಅಂಟಿಸುವುದಿಲ್ಲ. ಮಾದರಿ ಕೆಟ್ಟಿತ್ತೇ ಎಂದು ನೋಡುತ್ತೇವೆ, ಮತ್ತೊಮ್ಮೆ ಯಂತ್ರಕ್ಕೆ ಹಾಕುತ್ತೇವೆ, ಬೇಕಾದರೆ ಹೊಸದಾಗಿ ರಕ್ತ ತೆಗೆಯಲು ಹೇಳುತ್ತೇವೆ. ಯಾವ ಅಳತೆಗೂ ತನ್ನದೇ ಅಲುಗಾಟ ಇರುತ್ತದೆ. ಕಾಗ್ಯಾಟ್ ಮಾಡಿದವರಿಗೂ ಅದು ಗೊತ್ತು; ಅವರ ವರದಿಯಲ್ಲಿ ಅಂಕದ ಪಕ್ಕ ಇಷ್ಟರಿಂದ ಇಷ್ಟರೊಳಗೆ ಎಂದು ಒಂದು ಪಟ್ಟಿ ಎಳೆದಿರುತ್ತದೆ. ಆ ಪಟ್ಟಿಯನ್ನು ಓದದೆ ಗೆರೆ ಎಳೆದದ್ದು ಡಿಸ್ಟ್ರಿಕ್ಟ್. ಅಭ್ಯಾಸ ಮಾಡಿಸಿದ ಮಗುವಿನ 131ಕ್ಕೂ ಮಾಡಿಸದವನ 126ಕ್ಕೂ ನಡುವೆ ನಾನಂತೂ ಯಾವ ರೋಗನಿರ್ಣಯವನ್ನೂ ಮಾಡಲಾರೆ. ಹೌದು, ಮಗನಿಗೆ ಅಭ್ಯಾಸ ಮಾಡಿಸಲಿಲ್ಲ. ಆ ಚಳಿಗಾಲ ನನಗೆ ರಾತ್ರಿ ಪಾಳಿ ಬಿದ್ದಿತ್ತು.

ಮೇಲ್ಮನವಿ ಹಾಕು ಎಂದರು ನಮ್ಮ ಯಜಮಾನರು. ಮಗ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡು, ‘ಅಮ್ಮಾ, ಅಕ್ಕನ ಹಾಗೆ ಹಕ್ಕಿ ಎಣಿಸುವ ಕೆಲಸ ನನಗೆ ಬೇಡ’ ಎಂದ. ಮಾತು ಅಲ್ಲಿಗೆ ಮುಗಿಯಿತು.

ಹಕ್ಕಿ ಎಣಿಸಿದ ಕಥೆ ಹೇಳಿದರೆ ಜಿಟಿಯ ಒಳ್ಳೆಯ ಭಾಗವನ್ನು ಹೇಳಿದಂತೆ. ಮಿಡ್ಲ್ ಸ್ಕೂಲಿನಲ್ಲಿ ಜಿಟಿ ಮಕ್ಕಳಿಗೆಂದೇ ಪ್ರತ್ಯೇಕವಾಗಿ ನಡೆಯುವುದು ನಮ್ಮಲ್ಲಿ ಇಂಗ್ಲಿಷ್ ಒಂದೇ. ಆರನೆಯ ತರಗತಿಯಲ್ಲಿ ಪ್ರತಿ ಮಗುವೂ ತನಗೆ ಬೇಕಾದ ಒಂದು ಪ್ರಶ್ನೆ ಹಿಡಿದು ಇಡೀ ಅರ್ಧ ವರ್ಷ ಅದರ ಬೆನ್ನು ಹತ್ತಬೇಕು. ಮಗಳು ಹಿಡಿದದ್ದು ಗ್ರ್ಯಾಕಲ್ ಹಕ್ಕಿಗಳನ್ನು. ಚಳಿಗಾಲದ ಸಂಜೆ ಇಲ್ಲಿನ ದಿನಸಿ ಅಂಗಡಿಗಳ ಪಾರ್ಕಿಂಗ್ ಜಾಗದಲ್ಲಿ ಆ ಉದ್ದ ಬಾಲದ ಕಪ್ಪು ಹಕ್ಕಿಗಳು ಸಾವಿರಗಟ್ಟಲೆ ಇಳಿಯುವುದನ್ನು ಕಂಡವರಿಗೆ ಹೇಳಬೇಕಿಲ್ಲ; ತಂತಿಗಳ ಮೇಲೆ ಸಾಲು, ಕಾರುಗಳ ಮೇಲೆ ಹಿಕ್ಕೆ. ಊರ ಹೊರಗೆ ಇಷ್ಟು ಬಯಲು ಇರುವಾಗ ಇಲ್ಲಿಗೇ ಯಾಕೆ ಬರುತ್ತವೆ ಎಂಬುದು ಅವಳ ಪ್ರಶ್ನೆ. ಐದು ವಾರ ವಾರಕ್ಕೆ ಮೂರು ಸಂಜೆ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಎಣಿಸಿದಳು. ದೀಪ ಹತ್ತುವ ಮೊದಲು, ಹತ್ತಿದ ಮೇಲೆ ಎಂದು ಎರಡು ಕಾಲಂ. ಮೊದಲ ವಾರದ ಎಣಿಕೆ ತಪ್ಪು ಎಂದು ಅವಳ ಶಿಕ್ಷಕಿ ವಾಪಸ್ ಕಳಿಸಿದರು. ‘ಸುಮಾರು ಐನೂರು ಎಂದು ಬರೆದಿದ್ದೀಯಲ್ಲ, ಹೇಗೆ ಎಣಿಸಿದೆ, ಅದನ್ನು ಬರೆ’ ಎಂದರಂತೆ. ಒಂದು ತಂತಿಯ ಎರಡು ಕಂಬಗಳ ನಡುವೆ ಎಷ್ಟು ಎಂದು ಎಣಿಸಿ, ತಂತಿಗಳಿಂದ ಗುಣಿಸುವ ಉಪಾಯವನ್ನು ಅವಳೇ ಕಂಡುಕೊಂಡಳು. ಹನ್ನೊಂದು ವರ್ಷದ ಹುಡುಗಿಗೆ ಯಾರೋ ಒಬ್ಬರು ‘ಹೇಗೆ ಗೊತ್ತು’ ಎಂದು ಕೇಳಿದರಲ್ಲ, ಆ ಒಂದು ಪ್ರಶ್ನೆಗೆ ನಾನು ಜಿಟಿಗೆ ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಅದು ಇಂಗ್ಲಿಷಿಗೆ ಮಾತ್ರ. ಗಣಿತ, ವಿಜ್ಞಾನಗಳಲ್ಲಿ ಜಿಟಿ ಮಕ್ಕಳನ್ನು ಆನರ್ಸ್ ತರಗತಿಯಲ್ಲಿಯೇ ಒಂದು ಗುಂಪಾಗಿ ಕೂರಿಸುತ್ತಾರೆ. ಅದನ್ನು ‘ಕ್ಲಸ್ಟರ್’ ಎನ್ನುತ್ತಾರೆ. ಮಗಳ ವರದಿಯಲ್ಲಿ ‘ಜಿಟಿ ಗಣಿತ’ ಎಂದು ಅಚ್ಚಾಗಿರುತ್ತದೆ. ಅದೇ ಕೋಣೆ, ಅದೇ ಪುಸ್ತಕ, ಅದೇ ಪರೀಕ್ಷೆ, ಪಕ್ಕದ ಬೆಂಚಿನವನ ವರದಿಯಲ್ಲಿ ‘ಆನರ್ಸ್ ಗಣಿತ’. ಟೆಕ್ಸಾಸ್‌ನಲ್ಲಿ ಜಿಟಿ ಪಾಠ ಮಾಡುವ ಶಿಕ್ಷಕರು 30 ಗಂಟೆ ತರಬೇತಿ ಪಡೆದಿರಬೇಕು, ಪ್ರತಿ ವರ್ಷ ಇನ್ನೂ 6 ಗಂಟೆ. ನಮ್ಮ ಗಣಿತದ ಶಿಕ್ಷಕರಿಗೆ ಅದೂ ಇದೆ. ಹಾಗಾದರೆ ಗುಂಪಿನ ಮಕ್ಕಳಿಗೆ ಬೇರೆ ಏನು ಮಾಡಿಸುತ್ತೀರಿ ಎಂದು ಕೇಳಿದೆ. ಬೇಗ ಮುಗಿಸಿದವರಿಗೆ ಒಗಟಿನ ಹಾಳೆ ಕೊಡುತ್ತೇವೆ ಎಂದರು. ಬೇಗ ಮುಗಿಸಿದ ಬೇರೆಯವರಿಗೆ? ಅವರಿಗೂ ಕೊಡುತ್ತೇವೆ ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ.

ಇನ್ನು ಮಗನ ಪಾಲಿಗೆ ಬಂದ ಮುಕ್ತ ಆನರ್ಸ್. ಗಣಿತಕ್ಕೆ ನಾವು ಗುರುತು ಹಾಕಬೇಕಾಗಿಯೇ ಇರಲಿಲ್ಲ. 2023ರಲ್ಲಿ ಟೆಕ್ಸಾಸ್ ಶಾಸನಸಭೆ ಒಂದು ಕಾಯ್ದೆ ಮಾಡಿತು: ಐದನೆಯ ತರಗತಿಯ ರಾಜ್ಯ ಗಣಿತ ಪರೀಕ್ಷೆಯಲ್ಲಿ ಮೊದಲ ಶೇಕಡ 40ರಲ್ಲಿ ಬಂದ ಮಕ್ಕಳನ್ನು ಆರನೆಯದರಲ್ಲಿ ಮುಂದುವರಿದ ಗಣಿತಕ್ಕೆ ಶಾಲೆಯೇ ಸೇರಿಸಬೇಕು, ಬೇಡವೆಂದರೆ ಪೋಷಕರು ಬರೆದು ಕೊಡಬೇಕು. ಮೊದಲು ಬೇಕೆಂದವರು ಕೇಳಬೇಕಿತ್ತು, ಈಗ ಬೇಡವೆಂದವರು ಹೇಳಬೇಕು. ಕೂಟದಲ್ಲಿ ಇದನ್ನು ಮಟ್ಟ ಇಳಿಸುವ ಕೆಲಸ ಎಂದು ಬೈದವರಿದ್ದಾರೆ. ನನಗೆ ಈ ಇಡೀ ವ್ಯವಸ್ಥೆಯಲ್ಲಿ ಕಂಡ ಅತ್ಯಂತ ಬುದ್ಧಿವಂತಿಕೆಯ ಸಾಲು ಅದೇ.

ಯಾಕೆಂದರೆ ಎದುರು ಮನೆಯ ಹುಡುಗ. ಅವನ ತಾಯಿ ಮೆಕ್ಸಿಕೊದಿಂದ ಬಂದವರು, ನನ್ನದೇ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ನನ್ನ ಮಗನಿಗೆ ಲೆಕ್ಕ ಹೇಳಿಕೊಡುವುದೇ ಆ ಹುಡುಗ. ಅವನು ಕಾಗ್ಯಾಟ್ ಬರೆದೇ ಇಲ್ಲ. ಆ ಪರೀಕ್ಷೆಗೆ ಪೋಷಕರು ಮಗುವಿನ ಹೆಸರು ಸೂಚಿಸುವ ಅರ್ಜಿ ಅಕ್ಟೋಬರಿನ ಒಂದು ಇಮೇಲ್‌ನ ಕೊನೆಯಲ್ಲಿ, ಹಬ್ಬದ ಉಡುಪಿನ ದಿನ ಮತ್ತು ಪಿಜ್ಜಾ ಮಾರಾಟದ ಕೆಳಗೆ ಇತ್ತು. ಎರಡು ವಾರದಲ್ಲಿ ಮುಚ್ಚಿಹೋಯಿತು. ನನಗೆ ಗೊತ್ತಾದದ್ದು ನಾನು ಜಾಣೆ ಎಂದಲ್ಲ, ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಹನ್ನೆರಡು ಜನ ಅದನ್ನು ಹನ್ನೆರಡು ಸಲ ಕಳಿಸಿದ್ದರು ಎಂದು. ಎದುರು ಮನೆಯವರಿಗೆ ಅಂಥ ಗುಂಪಿರಲಿಲ್ಲ. ಡೇವಿಡ್ ಕಾರ್ಡ್ ಮತ್ತು ಲಾರಾ ಜೂಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಫ್ಲಾರಿಡಾದ ಒಂದು ದೊಡ್ಡ ಡಿಸ್ಟ್ರಿಕ್ಟಿನಲ್ಲಿ ಇದನ್ನೇ ಅಧ್ಯಯನ ಮಾಡಿದ್ದಾರೆ. ಯಾರೋ ಹೆಸರು ಹೇಳಲಿ ಎಂದು ಕಾಯದೆ ಎರಡನೆಯ ತರಗತಿಯ ಎಲ್ಲ ಮಕ್ಕಳನ್ನೂ ಒಮ್ಮೆ ಪರೀಕ್ಷಿಸಿದ್ದಕ್ಕೆ, ಅರ್ಹತೆಯ ಗಡಿಯನ್ನು ಒಂದಿಷ್ಟೂ ಇಳಿಸದೆ, ಅನುಕೂಲವಿಲ್ಲದ ಮನೆಗಳ ಮಕ್ಕಳು ಗಿಫ್ಟೆಡ್ ಎಂದು ಗುರುತಿಸಿಕೊಳ್ಳುವ ಪ್ರಮಾಣ ಶೇಕಡ 180ರಷ್ಟು ಏರಿತು. ಮಕ್ಕಳು ಅಲ್ಲಿಯೇ ಇದ್ದರು. ನೋಡಿರಲಿಲ್ಲ, ಅಷ್ಟೆ.

ಆದರೆ ಸೇರಿಸಿಕೊಂಡ ಮೇಲಿನ ಉಪಚಾರದಲ್ಲಿ ಆನರ್ಸ್ ಸೋಲುತ್ತದೆ. ಆರು ಮತ್ತು ಏಳನೆಯ ತರಗತಿಗಳಲ್ಲಿ ಮೂರು ವರ್ಷದ ಗಣಿತವನ್ನು ತುರುಕಿ, ಎಂಟನೆಯದರಲ್ಲಿ ಹೈಸ್ಕೂಲಿನ ಆಲ್ಜೀಬ್ರಾ ಹಿಡಿಸುವ ಓಟ ಅದು. ಮಗನ ಮೊದಲ ಪರೀಕ್ಷೆಯಲ್ಲಿ 62. ಋಣಸಂಖ್ಯೆಗಳ ಗುಣಾಕಾರದಲ್ಲಿ ಎಲ್ಲ ಚಿಹ್ನೆಗಳೂ ತಲೆಕೆಳಗು. ಮತ್ತೊಮ್ಮೆ ಬರೆಯಬಹುದು, ಆದರೆ ಎಷ್ಟೇ ಚೆನ್ನಾಗಿ ಬರೆದರೂ 70ಕ್ಕಿಂತ ಹೆಚ್ಚು ಕೊಡುವುದಿಲ್ಲ. ಅರ್ಥವಾಗದವರಿಗೆ ಬೆಳಗ್ಗೆ ವಿಶೇಷ ಪಾಠ ಇದೆ ಎಂದು ಜಾಲತಾಣದಲ್ಲಿ ದೊಡ್ಡದಾಗಿ ಹಾಕಿದ್ದರು. ಸಮಯ 7.30. ನಮ್ಮ ಬಸ್ ಶಾಲೆ ಮುಟ್ಟುವುದು 8.10ಕ್ಕೆ.

ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡಿದವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ ಎಂದು ಕಾಣುತ್ತದೆ. ಸಹಾಯ ಯಾರಿಗೆ ಹೆಚ್ಚು ಬೇಕೋ ಅವರೇ ಬಸ್ಸಿನಲ್ಲಿ ಬರುವವರು. ಕೊನೆಗೆ ನಾನೂ ಎದುರು ಮನೆಯವರೂ ಹಂಚಿಕೊಂಡೆವು. ನನಗೆ ಹಗಲು ಪಾಳಿ ಇಲ್ಲದ ದಿನ ಇಬ್ಬರು ಹುಡುಗರನ್ನೂ ನಾನು ಬಿಟ್ಟುಬರುವುದು. ಉಳಿದ ದಿನ ಅವರು ಪಾಳಿ ಮುಗಿಸಿ, ಆಸ್ಪತ್ರೆಯ ನೀಲಿ ಬಟ್ಟೆಯಲ್ಲಿಯೇ, ನಿದ್ದೆಗಣ್ಣಿನಲ್ಲಿ ಕರೆದೊಯ್ಯುವುದು. ಅವರ ಮಗನಿಗೆ ಪಾಠ ಬೇಕಾಗಿರಲಿಲ್ಲ. ಜೊತೆಗೆ ಹೋಗುತ್ತಿದ್ದ, ನಮ್ಮವನ ಪಕ್ಕ ಕೂತು ಹೇಳಿಕೊಡುತ್ತಿದ್ದ. ಶಿಕ್ಷಕರಿಗಿಂತ ಅವನು ಹೇಳಿದ್ದೇ ತಲೆಗೆ ಹತ್ತಿತು ಎಂದು ಮಗ ಈಗಲೂ ಹೇಳುತ್ತಾನೆ.

ಆರು ವಾರವಾದ ಮೇಲೆ, ಆನರ್ಸ್ ಬಿಟ್ಟು ಸಾಮಾನ್ಯ ತರಗತಿಗೆ ಹೋಗಲು ಒಂದು ಗಡುವು ಇರುತ್ತದೆ. 31 ಮಕ್ಕಳಿದ್ದ ಆ ಕೋಣೆಯಲ್ಲಿ ಗಡುವು ದಾಟಿದಾಗ ಉಳಿದವರು 24. ಬಿಟ್ಟ ಏಳು ಮಕ್ಕಳಲ್ಲಿ ನನಗೆ ಗೊತ್ತಿರುವ ಇಬ್ಬರ ಮನೆಗೆ ಶಾಲೆಯಿಂದ ಒಂದು ಫೋನ್ ಕೂಡ ಬಂದಿರಲಿಲ್ಲ. ಹೋಗುವುದಕ್ಕೆ ಒಂದು ಸಹಿ ಸಾಕಾಯಿತು. ಆನರ್ಸ್ ಇಂಗ್ಲಿಷ್ ಬಗ್ಗೆ ಹೆಚ್ಚು ಬರೆಯುವುದಿಲ್ಲ: ಸಾಮಾನ್ಯ ತರಗತಿಯ ಪಾಠಕ್ಕೆ ಇನ್ನೊಂದು ಹಾಳೆ ಮನೆಗೆಲಸ ಸೇರಿಸಿದರೆ ಅದು ಆನರ್ಸ್. ವಿಜ್ಞಾನ ಪರವಾಗಿಲ್ಲ.

ಇಷ್ಟಕ್ಕೆ ದೊಡ್ಡವರು ಯಾಕೆ ಹೊಡೆದಾಡುತ್ತಾರೆ ಎಂದರೆ, ಬೇರು ಮಿಡ್ಲ್ ಸ್ಕೂಲಿನಲ್ಲಿಲ್ಲ. ಎಂಟನೆಯದರಲ್ಲಿ ಆಲ್ಜೀಬ್ರಾ ಮುಗಿದರೆ ಹನ್ನೆರಡನೆಯದರಲ್ಲಿ ಕ್ಯಾಲ್ಕುಲಸ್ ಸಲೀಸು. 1997ರ ಕಾಯ್ದೆಯ ಪ್ರಕಾರ ಹೈಸ್ಕೂಲಿನ ಮೊದಲ ಶೇಕಡ 10ರಲ್ಲಿ ಬಂದವರಿಗೆ ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ. ಆಸ್ಟಿನ್‌ನ ವಿಶ್ವವಿದ್ಯಾಲಯ ಮಾತ್ರ ಆ ಗಡಿಯನ್ನು ಬಿಗಿ ಮಾಡುತ್ತ 2026ರ ಪ್ರವೇಶಕ್ಕೆ ಶೇಕಡ 5ಕ್ಕೆ ತಂದಿದೆ. ನಾಲ್ಕನೆಯ ತರಗತಿಯ ಮಗುವಿನ ಕಾಗದ ಮಡಚುವ ಪರೀಕ್ಷೆಯ ಹಿಂದೆ ಅಪ್ಪ ಅಮ್ಮ ನೋಡುತ್ತಿರುವುದು ಆಸ್ಟಿನ್ ಅನ್ನು. ಗಣಿತದ ದಾರಿಯನ್ನು ನಿಜವಾಗಿ ಕವಲೊಡೆಸುವುದು ಐದನೆಯ ತರಗತಿಯ ಕೊನೆಯ ಆ ಶೇಕಡ 40ರ ಪಟ್ಟಿ. ಅದಕ್ಕೆ ಜಿಟಿಯ ಮುದ್ರೆ ಬೇಕಿಲ್ಲ ಎಂದು ಗೊತ್ತಾದ ದಿನ ನಾನು 49 ಡಾಲರ್‌ನ ಪುಸ್ತಕವನ್ನು ಎತ್ತಿ ದಾನದ ಡಬ್ಬಿಗೆ ಹಾಕಿದೆ.

ಸರಿ, ಎಲ್ಲರಿಗೂ ಒಂದೇ ಗಣಿತ ಎಂದುಬಿಟ್ಟರೆ? ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ಹಾಗೆ ಮಾಡಿ ನೋಡಿತು, ಎಂಟನೆಯ ತರಗತಿಯಿಂದ ಆಲ್ಜೀಬ್ರಾವನ್ನೇ ತೆಗೆಯಿತು. ಅಲ್ಲಿರುವ ನನ್ನ ಓರಗಿತ್ತಿ ಮಗನಿಗೆ ಹೊರಗೆ ಹಣ ಕೊಟ್ಟು ಕಲಿಸಿದಳು. ಹಣ ಇದ್ದವರು ಎಲ್ಲರೂ ಅದನ್ನೇ ಮಾಡಿದರು ಎನ್ನುತ್ತಾಳೆ. 2024ರ ಮಾರ್ಚ್‌ನಲ್ಲಿ ಅಲ್ಲಿನ ಮತದಾರರು ಆಲ್ಜೀಬ್ರಾವನ್ನು ವಾಪಸ್ ತನ್ನಿ ಎಂದು ಮತ ಹಾಕಿ ಹೇಳಿದರು. ಬಾಗಿಲನ್ನೇ ಕಿತ್ತುಹಾಕುವುದು ನನಗೆ ಒಪ್ಪಿಗೆಯಿಲ್ಲ.

ಜಿಟಿ ಇಂಗ್ಲಿಷನ್ನು ಕಿತ್ತುಹಾಕುವುದೂ ಒಪ್ಪಿಗೆಯಿಲ್ಲ, ಅದಕ್ಕೆ ಕಾರಣ ಮಗಳ ತರಗತಿಯಲ್ಲಿರುವ ಒಬ್ಬ ಹುಡುಗ. ಊಟದ ಬಿಡುವಿನಲ್ಲಿ ಒಬ್ಬನೇ ಕೂರುವವನು. ಡಿಸ್ಟ್ರಿಕ್ಟಿನ ಬಸ್ ಮಾರ್ಗಗಳನ್ನೆಲ್ಲ ನಕ್ಷೆಯಲ್ಲಿ ಹೊಸದಾಗಿ ಹೆಣೆದು, ಎಲ್ಲಿ ಎಷ್ಟು ನಿಮಿಷ ಉಳಿಯುತ್ತದೆ ಎಂದು ಹದಿನಾಲ್ಕು ಪುಟ ಬರೆದಿದ್ದಾನೆ. ಬೇರೆ ತರಗತಿಗಳಲ್ಲಿ ಅವನು ಬಾಯಿ ಬಿಟ್ಟರೆ ಮಕ್ಕಳು ನಗುತ್ತಾರೆ, ಇಲ್ಲಿ ನಕ್ಷೆ ತೋರಿಸು ಎನ್ನುತ್ತಾರೆ. ನಮ್ಮ ಕೂಟದ ವಾದದಲ್ಲಿ ಎರಡೂ ಕಡೆಯವರಿಗೆ ಈ ಹುಡುಗನ ನೆನಪಾಗುವುದಿಲ್ಲ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅವನಂಥವರಲ್ಲ. ಚೆನ್ನಾಗಿ ಓದುವ, ಹಿಂದೆ ಯಾರೋ ಒಬ್ಬರು ನಿಂತಿರುವ ಮಕ್ಕಳು. ನನ್ನ ಮಗಳೂ ಅಷ್ಟೇ. ಇದನ್ನು ಬರೆಯಲು ಸ್ವಲ್ಪ ಕಷ್ಟವಾಯಿತು.

ಅಂಕ ಕೊಡಲೇಬೇಕೆಂದರೆ: ಜಿಟಿ ಇಂಗ್ಲಿಷಿಗೆ ಐದಕ್ಕೆ ಐದು. ಜಿಟಿ ಗಣಿತಕ್ಕೆ ಸೊನ್ನೆ. ಇಲ್ಲದ ವಸ್ತುವಿಗೆ ಅಂಕ ಹೇಗೆ ಕೊಡುವುದು. ಜಿಟಿಗೆ ಸೇರಿಸಿಕೊಳ್ಳುವ ವಿಧಾನಕ್ಕೆ ಒಂದು. ಮುಕ್ತ ಆನರ್ಸ್ ಗಣಿತಕ್ಕೆ ಮೂರು. ಬೆಳಗಿನ ಪಾಠವನ್ನು ಬಸ್ ಬಂದ ಮೇಲೆ ಇಟ್ಟರೆ ನಾಲ್ಕು ಕೊಡುತ್ತೇನೆ ಎಂದು ಪ್ರಾಂಶುಪಾಲರಿಗೂ ಬರೆದಿದ್ದೇನೆ. ‘ನಿಮ್ಮ ಸಲಹೆಗೆ ಧನ್ಯವಾದ’ ಎಂಬ ಉತ್ತರ ಬಂದಿದೆ. ನಿಮ್ಮ ಮಗು ಐದನೆಯ ತರಗತಿಯಲ್ಲಿದ್ದರೆ ಕಾಗ್ಯಾಟ್ ಪುಸ್ತಕ ಕೊಳ್ಳುವ ಮೊದಲು ನಿಮ್ಮ ಶಾಲೆಗೆ ಹೋಗಿ ಎರಡು ಪ್ರಶ್ನೆ ಕೇಳಿ: ಜಿಟಿ ಮಕ್ಕಳಿಗೆ ಯಾವ ಯಾವ ವಿಷಯದಲ್ಲಿ ಬೇರೆ ಕೋಣೆ ಇದೆ, ಮತ್ತು ಆನರ್ಸ್‌ನಲ್ಲಿ ಹಿಂದೆ ಬಿದ್ದ ಮಗುವಿಗೆ ಎಷ್ಟು ಗಂಟೆಗೆ ಪಾಠ ಇದೆ.

ಏಳನೆಯ ತರಗತಿಯ ವಿಷಯಗಳ ಹಾಳೆ ಹೋದ ವಾರ ಮನೆಗೆ ಬಂತು. ಮಗ ಗಣಿತಕ್ಕೂ ವಿಜ್ಞಾನಕ್ಕೂ ಆನರ್ಸ್ ಎಂದು ತಾನೇ ಗುರುತು ಹಾಕಿ, ಇಂಗ್ಲಿಷಿಗೆ ಹಾಕದೆ ಬಿಟ್ಟು, ನಾನು ಏನಾದರೂ ಹೇಳುತ್ತೇನೇನೋ ಎಂದು ಮುಖ ನೋಡುತ್ತ ನಿಂತಿದ್ದ. ಸಹಿ ಹಾಕಿದೆ. ಎದುರು ಮನೆಯವರಿಗೆ ಮೂರನೆಯ ತರಗತಿಯ ಮಗಳಿದ್ದಾಳೆ. ಮುಂದಿನ ಅಕ್ಟೋಬರಿನ ಮೊದಲ ವಾರವನ್ನು ಕೆಂಪು ಪೆನ್ನಿನಲ್ಲಿ ಸುತ್ತಿ ಕ್ಯಾಲೆಂಡರ್ ಹಾಳೆಯೊಂದನ್ನು ಅವರ ಫ್ರಿಜ್ಜಿಗೆ ಅಂಟಿಸಿ ಬಂದಿದ್ದೇನೆ. ಅವರು ಅದರ ಫೋಟೊ ತೆಗೆದು ತಮ್ಮ ವಾರ್ಡಿನ ಇಬ್ಬರು ನರ್ಸ್‌ಗಳಿಗೆ ಕಳಿಸಿದರಂತೆ.